ಬಿಳಿ ಎಂದುಕೊಂಡ ಗೋಡೆ

ಬಲಗಣ್ಣಿನ ಪೊರೆ ತೆಗೆಸಿಕೊಂಡು ಬಂದ ಪೇಂಟರ್, ಪಟ್ಟಿ ಬಿಚ್ಚಿದ ಮೇಲೆ ಮನೆಯಲ್ಲಿ ಮೊದಲು ನೋಡಿದ್ದು ಹಜಾರದ ಗೋಡೆಯನ್ನು. ಹೋದ ವರ್ಷ ತಾನೇ ಬಳಿದ ಬಿಳಿ. ಈಗ ನೋಡಿದರೆ ಇಡೀ ಗೋಡೆಯನ್ನು ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿ ತೆಗೆದ ಹಾಗಿತ್ತು.

"ಈ ಗೋಡೆಗೆ ಏನಾಯ್ತೇ?"

ತರಕಾರಿ ಹೆಚ್ಚುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಏನೂ ಆಗಿಲ್ಲ. ಬಳಿದ ದಿನದಿಂದ ಹೀಗೇ ಇದೆ."

"ಬಾಯಿ ಬಿಟ್ಟು ಹೇಳೋಕೆ ಆಗ್ಲಿಲ್ವಾ?"

"ಹೇಳಿದೋನಿಗೆ ಏನಾಯ್ತು ಅಂತ ನೋಡಿದ್ದೀನಲ್ಲ."

ಹೇಳಿದವನು ಪೇಂಟರನ ತಮ್ಮ. ಇಪ್ಪತ್ತು ವರ್ಷ ಒಂದೇ ಏಣಿ ಹಂಚಿಕೊಂಡು ದುಡಿದವರು. ಮೂರು ವರ್ಷದ ಹಿಂದೆ ಒಂದು ಶಾಲೆಯ ಸಭಾಂಗಣದ ಬಿಳಿಗೆ ಹೊಳಪು ಬರಲೆಂದು ನೀಲಿ ಬೆರೆಸುವಾಗ ತಮ್ಮ ಮೆಲ್ಲಗೆ, "ಅಣ್ಣಾ, ನೀಲಿ ಜಾಸ್ತಿ ಬೀಳ್ತಿದೆ" ಅಂದಿದ್ದ. ಅಣ್ಣನಿಗೆ ಕೋಪ ಮೂಗಿನ ತುದಿಯಲ್ಲೇ. "ಬಿಳಿ ಯಾವುದು ಅಂತ ನನಗೇ ಕಲಿಸ್ತೀಯಾ?" ಎಂದು ಆಳುಗಳ ಮುಂದೆಯೇ ನೀರಿಳಿಸಿದ್ದ. ಆ ವಾರವೇ ತಮ್ಮ ಕೆಲಸ ಬಿಟ್ಟ, ಶಾಲಾ ವ್ಯಾನ್ ಓಡಿಸತೊಡಗಿದ. ಮಾತು ನಿಂತುಹೋಯಿತು.

ಪೇಂಟರ್ ಎಡಗಣ್ಣು ಮುಚ್ಚಿ ನೋಡಿದ: ತಣ್ಣನೆಯ ನೀಲಿ. ಬಲಗಣ್ಣು ಮುಚ್ಚಿ ನೋಡಿದ: ಅದೇ ಹಳೆಯ ಬಿಳಿ. ಹತ್ತು ಸಲ ಹಾಗೆ ಮಾಡಿ ಸುಸ್ತಾಗಿ ಕುರ್ಚಿಯಲ್ಲಿ ಕುಸಿದ.

ವಾರದ ತಪಾಸಣೆಗೆ ಹೋದಾಗ ಕೇಳಿದ. "ಡಾಕ್ಟ್ರೇ, ಎರಡರಲ್ಲಿ ನಿಜ ಯಾವುದು?"

ಡಾಕ್ಟರು ಚೀಟಿ ಬರೆಯುತ್ತಲೇ ಹೇಳಿದರು. "ಕಣ್ಣು ಬರೀ ಬೆಳಕನ್ನ ಒಳಗೆ ಬಿಡುತ್ತೆ, ಬಣ್ಣ ಕಟ್ಟೋದು ತಲೆ. ನಿಮ್ಮ ಪೊರೆ ಹಳದಿಯಾಗಿ ನೀಲೀನ ತಡೀತಿತ್ತು. ಉಳಿದಿದ್ದನ್ನೇ ತಲೆ ಬಿಳಿ ಅಂತ ಒಪ್ಕೊಂಡಿತ್ತು. ಈ ಹೊಸ ಕಣ್ಣಿಗೂ ಒಗ್ಗಿಕೊಳ್ಳುತ್ತೆ ಬಿಡಿ. ಮುಂದಿನೋರನ್ನ ಕಳಿಸಿ."

ಪೇಂಟರ್ ಮೆಟ್ಟಿಲಿಳಿದ. ಹಾಗಾದರೆ ಇಷ್ಟು ವರ್ಷ ತಾನು ಬಳಿದದ್ದು ಜನರ ಗೋಡೆಗೋ, ತನ್ನ ತಲೆಯೊಳಗಿನ ಗೋಡೆಗೋ? ಯೋಚಿಸುವಷ್ಟು ತ್ರಾಣವಿರಲಿಲ್ಲ. ಮನೆಯ ಕಡೆ ತಿರುಗದೆ ನೇರ ತಮ್ಮನ ಮನೆಗೆ ನಡೆದ.

ತಮ್ಮ ಅಂಗಳದಲ್ಲಿ ವ್ಯಾನ್ ತೊಳೆಯುತ್ತಿದ್ದ. ಅಣ್ಣನನ್ನು ಕಂಡು ಪೈಪು ಕೆಳಗಿಟ್ಟ.

"ನೀನು ಹೇಳಿದ್ದೇ ಸರಿ ಕಣೋ. ನೀಲಿ ಜಾಸ್ತಿಯಾಗಿತ್ತು," ಎಂದ ಪೇಂಟರ್. "ನನ್ನ ಕಣ್ಣೇ ಕೆಟ್ಟಿತ್ತು. ಅವತ್ತು ನಾನು ಹಾಗೆ ಬೈಬಾರದಿತ್ತು. ಅದಕ್ಕೇ ಅಲ್ವಾ ನೀನು ಸಿಟ್ಟು ಮಾಡ್ಕೊಂಡು ಹೋಗಿದ್ದು."

ತಮ್ಮ ಹೋಗಿ ನಲ್ಲಿ ನಿಲ್ಲಿಸಿ ಬಂದ.

"ಸಿಟ್ಟಿಗಲ್ಲ ಅಣ್ಣಾ. ಮಾರನೇ ದಿನ ಬೇಗ ಹೋಗಿ ಆ ಗೋಡೆ ಮತ್ತೆ ನೋಡಿದೆ. ಹಿಂದಿನ ದಿನ ನೀಲಿ ಕಂಡಿದ್ದು ಅವತ್ತು ನನಗೂ ಬಿಳೀನೇ ಕಾಣಿಸ್ತು. ಚಿಕ್ಕಂದಿನಿಂದ ಬಣ್ಣ ಕಲಿಸಿದ್ದು ನೀನು. ನೀನೇ ಅಷ್ಟು ಜೋರಾಗಿ ಹೇಳಿದ ಮೇಲೆ ನನ್ನ ಕಣ್ಣೇ ಸರಿಯಿಲ್ಲ ಅನ್ನಿಸ್ತು. ತನ್ನ ಕಣ್ಣನ್ನೇ ನಂಬದೋನು ಬಣ್ಣದ ಕೆಲಸ ಹೇಗೆ ಮಾಡ್ತಾನೆ?"

ಪೇಂಟರ್ ವ್ಯಾನಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಪೊರೆ ಇದ್ದದ್ದು ಒಬ್ಬನ ಕಣ್ಣಿಗೆ, ಕುರುಡಾದವರು ಇಬ್ಬರು.

"ವಾಪಸ್ ಬರ್ತೀಯಾ?"

"ಬೇಡ ಅಣ್ಣಾ. ಈಗ ಗೋಡೆ ನೋಡೋದನ್ನೇ ಬಿಟ್ಟಿದ್ದೀನಿ. ಬಾ, ಒಳಗೆ ಬಂದು ಊಟ ಮಾಡು."

ತಮ್ಮ ಮತ್ತೆ ಬ್ರಷ್ ಹಿಡಿಯಲೇ ಇಲ್ಲ. ಆದರೆ ಭಾನುವಾರಗಳಂದು ಅಣ್ಣನ ಮನೆಗೆ ಬಂದು ಹೋಗತೊಡಗಿದ. ಪೇಂಟರ್ ಎಡಗಣ್ಣನ್ನೂ ಸರಿಮಾಡಿಸಿಕೊಂಡ. ಈಗ ಯಾವ ಮನೆಗೆ ಹೋದರೂ ಗೋಡೆಯ ಮೂಲೆಯಲ್ಲಿ ಒಂದು ಅಂಗೈಯಗಲ ಬಳಿದು, ಮನೆಯವರನ್ನು ಕರೆದು, "ಇದು ನಿಮಗೆ ಏನು ಬಣ್ಣ ಕಾಣುತ್ತೆ?" ಎಂದು ಕೇಳುತ್ತಾನೆ. ಅವರು ಹೇಳುವ ತನಕ ಬ್ರಷ್ ಮತ್ತೆ ಅದ್ದುವುದಿಲ್ಲ.