ವ್ಯಾಗನ್ನಿನ ಆಚೆ ಬದಿ

ಮೂವತ್ತಾರು ವರ್ಷ ಗೂಡ್ಸ್ ವ್ಯಾಗನ್‌ಗಳ ಕೆಳಗೆ ಬಗ್ಗಿ ನುಸುಳಿ ತಪಾಸಣೆ ಮಾಡಿದ ಮನುಷ್ಯ ನಿವೃತ್ತಿಯಾದ ಮೇಲಾದರೂ ಅವುಗಳ ಸಹವಾಸ ಬಿಡಬೇಕಲ್ಲ! ಗೋಪಿನಾಥರು ಬಿಡಲಿಲ್ಲ. ದ್ವಾರಕಾದ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಅವೇ ವ್ಯಾಗನ್‌ಗಳನ್ನು, ಅಸಲಿನ ಎಂಬತ್ತೇಳರಲ್ಲೊಂದು ಪಾಲಿಗೆ ಇಳಿಸಿ, ತಗಡು ಪ್ಲಾಸ್ಟಿಕ್ ಕತ್ತರಿಸಿ ಮಾಡಿಡತೊಡಗಿದರು. ತುಕ್ಕಿನ ಕಲೆ, ಕಲ್ಲಿದ್ದಲ ಮಸಿ, ಸೊಟ್ಟಗಾದ ಬಾಗಿಲು, ಒಂದನ್ನೂ ಬಿಟ್ಟಿರಲಿಲ್ಲ. "ನಾವು ತಟ್ಟೆ ತೊಡೆ ಮೇಲಿಟ್ಕೊಂಡು ಉಣ್ಣೋದು, ಮೇಜೆಲ್ಲ ವ್ಯಾಗನ್ನಿಗೆ," ಎಂದು ಹೆಂಡತಿ ಉಷಾ ಬಂದವರೆದುರೆಲ್ಲ ಆಡಿಕೊಳ್ಳುತ್ತಿದ್ದರು.

ಆ ಭಾನುವಾರ ಮಧ್ಯಾಹ್ನ ರತ್ನಾ ಹತ್ತು ವರ್ಷದ ಮಗಳು ಇಂಚರಾಳನ್ನು ಕರೆದುಕೊಂಡು ಬಂದಳು. ಅವಳ ಗಂಡ ಯಶವಂತ್ ಗೋಪಿನಾಥರಿದ್ದ ಯಾರ್ಡಿನಲ್ಲೇ ವ್ಯಾಗನ್ ಜೋಡಿಸಿ ಬಿಡಿಸುವ ಕೆಲಸದಲ್ಲಿದ್ದ. ಗದಗಿನ ಕಡೆಯವನು, ಉಷಾ ತಟ್ಟುವ ಜೋಳದ ರೊಟ್ಟಿ ತಿನ್ನಲೆಂದೇ ದ್ವಾರಕಾದವರೆಗೆ ಬರುತ್ತಿದ್ದ. ಮೂರು ವರ್ಷದ ಹಿಂದೆ ಎರಡು ವ್ಯಾಗನ್‌ಗಳ ನಡುವೆ ಸಿಕ್ಕಿ ಸತ್ತುಹೋದ.

"ಅಣ್ಣಾ, ಇವಳು ಸ್ಕೂಲಲ್ಲಿ ತನ್ವಿ ಅನ್ನೋ ಹುಡುಗಿಗೆ ಹೊಡೆದು ಬಂದಿದಾಳೆ," ಎಂದಳು ರತ್ನಾ. "ನಿಮ್ಮಪ್ಪ ತನ್ನ ತಪ್ಪಿಂದಲೇ ಸತ್ತ ಅಂದಳಂತೆ. ಅವತ್ತು ಅಲ್ಲಿದ್ದವರು ನೀವು. ನಿಜ ಏನು ಅಂತ ನೀವೇ ಹೇಳಿ. ನೀವು ಹೇಳಿದ್ರೆ ನಂಬ್ತಾಳೆ. ನಾನೂ ನಂಬ್ತೀನಿ."

ನಿಜ ಗೊತ್ತಿದ್ದದ್ದು ಗೋಪಿನಾಥರೊಬ್ಬರಿಗೇ.

ಕೆಟ್ಟ ವ್ಯಾಗನ್ ಕಂಡರೆ ಅದರ ಎರಡೂ ಬದಿಗೆ ಸೀಮೆಸುಣ್ಣದಿಂದ ದೊಡ್ಡ ಕತ್ತರಿ ಗುರುತು ಹಾಕಬೇಕು. ಅದು ಯಾರ್ಡಿನ ಕಟ್ಟಲೆ. ಆ ಕಲ್ಲಿದ್ದಲ ವ್ಯಾಗನ್ನಿನ ಕೈಬ್ರೇಕು ಹಿಡಿಯುತ್ತಿರಲಿಲ್ಲ. ಗೋಪಿನಾಥರು ಈಚೆ ಬದಿಗೆ ಗುರುತು ಹಾಕಿದರು. ಆಚೆ ಬದಿ ನೋಡಿಕೊಳ್ಳುವ ಜೊತೆಗಾರ ಅಂದು ರಜೆ. ಮೇ ತಿಂಗಳ ಬಿಸಿಲು. ಐವತ್ತೆಂಟು ವ್ಯಾಗನ್‌ಗಳ ಸಾಲನ್ನು ಸುತ್ತಿಕೊಂಡು ಹೋಗಬೇಕು. ಚಹಾ ಕುಡಿದು ಹೋದರಾಯಿತು ಎಂದುಕೊಂಡರು. ಒಂದು ಲೋಟ ಚಹಾ, ಅಷ್ಟೇ! ಅಷ್ಟರಲ್ಲಿ ಯಶವಂತ್ ಆಚೆ ಬದಿಯಿಂದ ಬಂದ, ಕೈಬ್ರೇಕು ತಿರುಗಿಸಿದ, ಅದನ್ನು ನಂಬಿ ನಡುವೆ ಇಳಿದ. ವ್ಯಾಗನ್ ಉರುಳಿತು. ಜನರೆಲ್ಲ ಹೆಣದ ಸುತ್ತ ಸೇರಿದ್ದಾಗ ಗೋಪಿನಾಥರು ಆಚೆ ಬದಿಗೆ ಹೋಗಿ ಗುರುತು ಹಾಕಿ ಬಂದರು. ಗುರುತು ನೋಡದೆ ಇಳಿದದ್ದು ಸತ್ತವನದೇ ತಪ್ಪೆಂದು ವಿಚಾರಣೆ ಮುಗಿಯಿತು.

ಮಾದರಿ ಮಾಡುವಾಗ ಮಾತ್ರ ಕೈ ಸುಳ್ಳಾಡಲು ಒಪ್ಪಲಿಲ್ಲ. ಆ ವ್ಯಾಗನ್ನಿನ ಒಂದೇ ಬದಿಗೆ ಗುರುತು ಹಾಕಿ, ಇನ್ನೊಂದು ಬದಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸಿದ್ದರು. ಯಾರಿಗೂ ಹೇಳಲಾಗದ್ದನ್ನು ಹಾಗಾದರೂ ಒಂದು ಕಡೆ ಇಟ್ಟಿದ್ದೇನೆ ಎಂಬ ಸಮಾಧಾನ ಅವರದು. ಎಂಥ ಸಮಾಧಾನವೋ!

"ನೋಡು ಪುಟ್ಟಾ, ಈ ಗುರುತು ಇದ್ರೆ ಯಾರೂ ನಡುವೆ ಇಳೀಬಾರದು," ಎಂದು ಗೋಪಿನಾಥರು ಆ ವ್ಯಾಗನ್ನಿನ ಕಡೆ ಬೆರಳು ಮಾಡಿದರು. ಮಾಡಿದ ಮೇಲೆ ಯಾಕಾದರೂ ಮಾಡಿದೆನೋ ಎನಿಸಿತು.

ಹುಡುಗಿ ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು. "ಲೇಕಿನ್ ತಾತಾ, ಈ ಸೈಡ್ ತೋ ಏನೂ ಇಲ್ಲ. ಪಪ್ಪಾ ಈ ಕಡೆಯಿಂದ ಬಂದಿದ್ರೆ?"

ಹೇಳಿಬಿಡು, ಎಂದಿತು ಮನಸ್ಸು. ರತ್ನಾ ಅವರ ಮುಖವನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಒಂದಿಷ್ಟು ಅನುಮಾನ ಇದ್ದಿದ್ದರೆ ಹೇಳಿಬಿಡುತ್ತಿದ್ದರೇನೋ. ಅಲ್ಲಿದ್ದದ್ದು ಪೂರ್ತಿ ನಂಬಿಕೆ.

"ಅಯ್ಯೋ, ಮರೆತೇಬಿಟ್ಟಿದ್ದೆ," ಎಂದು ಗೋಪಿನಾಥರು ಬಿಳಿ ಪೆನ್ಸಿಲ್ ತೆಗೆದುಕೊಂಡರು. ವ್ಯಾಗನ್ ಹುಡುಗಿಯ ಕೈಯಲ್ಲಿದ್ದ ಹಾಗೆಯೇ ಆ ಬದಿಗೂ ಒಂದು ಕತ್ತರಿ ಎಳೆದರು. ಇದು ಎರಡನೇ ಸಲ. ಅವರಿಗೆ ತಮ್ಮ ಮೇಲೆ ಹೇಸಿಗೆಯಾಯಿತು. "ಎರಡೂ ಕಡೆ ಇತ್ತು ಪುಟ್ಟಾ."

ಇಂಚರಾ ವ್ಯಾಗನ್ನನ್ನು ಜೋಪಾನವಾಗಿ ಮೇಜಿನ ಮೇಲಿಟ್ಟಳು. ಅಳಲಿಲ್ಲ.

"ಅಚ್ಛಾ. ಹಾಗಾದ್ರೆ ಪಪ್ಪಾನೇ ನೋಡಲಿಲ್ಲ," ಎಂದಳು. ಅಮ್ಮನ ಕಡೆ ತಿರುಗಿ, "ಮಮ್ಮಿ, ನಾಳೆ ತನ್ವಿಗೆ ಸಾರಿ ಹೇಳ್ತೀನಿ. ಅವಳು ಝೂಟ್ ಹೇಳಿರ್ಲಿಲ್ಲ," ಎಂದಳು.

ರತ್ನಾ ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡಳು. "ಇನ್ನು ನಾನೂ ಯಾರನ್ನೂ ಬೈಕೊಳ್ಳಲ್ಲ ಅಣ್ಣಾ," ಎಂದು ಮಗಳ ಬೆನ್ನು ತಟ್ಟಿದಳು. "ತಾತಂಗೆ ನಮಸ್ಕಾರ ಮಾಡು."

ಹುಡುಗಿ ಬಗ್ಗಿ ಪಾದ ಮುಟ್ಟಿದಳು. ಗೋಪಿನಾಥರು ಕಾಲು ಹಿಂದೆ ಎಳೆದುಕೊಳ್ಳಲೂ ಆಗದೆ, ಅವಳ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದರು.