ಅತ್ತೆಯ ಇಂಗ್ಲಿಷೂ ಬಾರದ ಗುಂಡಿಗಳೂ

ಆಸ್ಪತ್ರೆಯ ಬಿಳಿ ಕೋಟುಗಳೆಲ್ಲ ಹೊಲಿದಾಗಿತ್ತು, ಇಲ್ಲದ್ದು ಗುಂಡಿ ಮಾತ್ರ. ಶುಕ್ರವಾರ ಕೋಟು ಕೊಡದಿದ್ದರೆ ಆರ್ಡರು ಬೇರೆಯವರ ಪಾಲು. ಆಮೇಲೆ ಅತ್ತೆಯ ಹೊಲಿಗೆ ಅಂಗಡಿಗೆ ಬೀಗವೇ ಗತಿ ಎಂಬುದು ಸೊಸೆಗೂ ಗೊತ್ತಿತ್ತು.

ಪರವೂರಿನ ಗುಂಡಿ ಕಾರ್ಖಾನೆಯವನು ಫೋನ್ ಎತ್ತುವ ಆಸಾಮಿಯಲ್ಲ. ಏನಿದ್ದರೂ ಇಮೇಲ್, ಅದೂ ಇಂಗ್ಲಿಷಿನಲ್ಲಿ. ಆ ಇಂಗ್ಲಿಷ್ ಅತ್ತೆಯ ಸ್ವಂತ ಆಸ್ತಿ, ಯಾರೂ ಮುಟ್ಟುವಂತಿರಲಿಲ್ಲ. ಪ್ರತಿ ಪತ್ರದ ಕೊನೆಗೂ ‘ಅಟ್ ಯುವರ್ ಅರ್ಲಿಯೆಸ್ಟ್ ಕನ್ವೀನಿಯೆನ್ಸ್’ ಎಂದು ಗತ್ತಿನಿಂದ ಬರೆಯುತ್ತಿದ್ದರು. ಅವಸರವಿದ್ದರೆ ಎರಡು ಸಲ ಬರೆಯುತ್ತಿದ್ದರು.

ಕಾದು ಕಾದು ಸಾಕಾಗಿ ಸೊಸೆ ಆ ಪತ್ರಗಳನ್ನು ತೆಗೆದು ಓದಿದಳು. ನಗು ಬಂತು, ಕಷ್ಟಪಟ್ಟು ನುಂಗಿಕೊಂಡಳು.

“ಅತ್ತೆ, ಇದು ಅವಸರದ ಮಾತಲ್ಲ. ‘ನಿಮಗೆ ಬಿಡುವಾದಾಗ ಕಳಿಸಿ’ ಅಂತ ಬರೆದ ಹಾಗಾಯ್ತು.”

“ಅರ್ಲಿಯೆಸ್ಟ್ ಅಂತ ಇದೆಯಲ್ಲೇ, ಕಣ್ಣು ಕಾಣಲ್ವಾ?”

“ಇದೆ. ಆದ್ರೆ ಅನುಕೂಲ ಯಾರದ್ದು? ಅವರದ್ದು. ಅವರಿಗೆ ಪುರುಸೊತ್ತು ಸಿಗೋ ತನಕ ನಾವು ಕಾಯ್ತೀವಿ ಅಂತ ಒಪ್ಪಿಕೊಂಡಿದ್ದೀವಿ.”

ಅತ್ತೆಯ ಮುಖ ಊದಿಕೊಂಡಿತು. “ಹಾಗಾದ್ರೆ ನೀನೇ ಬರಿ. ಅವನು ಸಿಟ್ಟಾಗಿ ಗುಂಡಿ ಕಳಿಸದೇ ಹೋದ್ರೆ ಆಸ್ಪತ್ರೆಯವರಿಗೆ ನೀನೇ ಉತ್ತರ ಹೇಳು.”

ಸೊಸೆ ಬರೆದಳು: ‘ಶುಕ್ರವಾರ ಕೋಟು ಕೊಡದಿದ್ದರೆ ನಮ್ಮ ಆರ್ಡರು ಹೋಗುತ್ತದೆ. ಗುರುವಾರ ಬೆಳಿಗ್ಗೆಯೊಳಗೆ ದಯವಿಟ್ಟು ಗುಂಡಿ ತಲುಪಿಸಿ.’ ಕಳಿಸಿದ ಮೇಲೆ ತಾನೆಲ್ಲಿ ಅಧಿಕಪ್ರಸಂಗ ಮಾಡಿದೆನೋ ಎಂದು ಊಟವೂ ಸೇರಲಿಲ್ಲ.

ಮಾರನೆಯ ದಿನವೇ ಉತ್ತರ ಬಂತು. ಅವಳು ಅತ್ತೆಗೆ ಅರ್ಥ ಬಿಡಿಸಿ ಹೇಳಿದಳು: ‘ಗುಂಡಿ ಹೊರಟಿದೆ. ನಿಧಾನವಾದರೂ ಪರವಾಗಿಲ್ಲ ಅಂತ ನೀವೇ ಎರಡೆರಡು ಸಲ ಬರೆದಿದ್ದಿರಿ. ಇಷ್ಟು ತಾಳ್ಮೆಯ ಗಿರಾಕಿಯನ್ನು ನಾನು ಕಂಡೇ ಇರಲಿಲ್ಲ!’

ಗುರುವಾರ ಬೆಳಿಗ್ಗೆ ಡಬ್ಬಗಳು ಬಂದಿಳಿದವು. ಅತ್ತೆ, ಸೊಸೆ ಇಬ್ಬರೂ ತಲೆ ಎತ್ತದೆ ಗುಂಡಿ ಹಾಕಿದರು. ಶುಕ್ರವಾರ ಆಸ್ಪತ್ರೆಯವರು ಕೋಟು ಎಣಿಸಿಕೊಂಡು, ಮುಂದಿನ ವರ್ಷದ ಆರ್ಡರನ್ನೂ ಕೊಟ್ಟು ಹೋದರು. ಸೊಸೆಗೆ ಅಂಗಡಿ ತುಂಬ ಕುಣಿದಾಡುವಷ್ಟು ಖುಷಿ.

ಅತ್ತೆ ಮಾತ್ರ ಮೂಲೆಯಲ್ಲಿ ಸಪ್ಪಗೆ ಕೂತಿದ್ದರು. “ಅಂದ್ರೆ ನನ್ನ ಅಷ್ಟು ಚೆಂದದ ಮಾತು ಕಸದ ಬುಟ್ಟಿಗಾ?”

“ಯಾಕೆ ಅತ್ತೆ? ಅದಕ್ಕೂ ಒಂದು ಜಾಗ ಇದೆ, ನೋಡಿ.” ಸೊಸೆ ಕಾರ್ಖಾನೆಯವನಿಗೆ ಬರೆದಳು: ‘ಗುಂಡಿ ತಲುಪಿತು, ಬಹಳ ಉಪಕಾರವಾಯಿತು. ಬಿಲ್ಲನ್ನು ಅಟ್ ಯುವರ್ ಅರ್ಲಿಯೆಸ್ಟ್ ಕನ್ವೀನಿಯೆನ್ಸ್ ಕಳಿಸಿ.’

ಅತ್ತೆ ಕನ್ನಡಕ ಸರಿಮಾಡಿಕೊಂಡು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಸೊಸೆಯ ಬೆನ್ನಿಗೊಂದು ಗುದ್ದಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಬಿಲ್ಲಿಗೆ ಅಂತಲೇ ಹೇಳಿ ಮಾಡಿಸಿದ ಮಾತು ಕಣೇ ಇದು!”