ರೇಡಿಯೋ ಜೋರಾದ ಸಂಜೆಗಳು

ಅರುಣಕುಮಾರನದು ವಿಜಯಪುರದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಮದುವೆಗೆ, ಭಾಷಣಕ್ಕೆ, ಮೆರವಣಿಗೆಗೆ ಮಂದಿಯ ದನಿ ದೊಡ್ಡದು ಮಾಡಿಕೊಡುವುದು ಅವನ ಉದ್ಯೋಗ. ಬಿಡುವಾದಾಗ ಹವ್ಯಾಸಿ ನಾಟಕದವರ ಜೊತೆ ಸೇರುತ್ತಿದ್ದ. ತಂಡದ ಯಜಮಾನ ಸಂಗನಬಸವ ಒಂದು ದಿನ ಅವನ ಹೆಗಲ ಮೇಲೆ ಕೈಯಿಟ್ಟು, "ಈ ಸಲ ನೀ ಒಬ್ಬಾವನ ಒಂದು ಆಟ ಮಾಡೋ. ಮಾತಿಲ್ಲ, ಹಾಡಿಲ್ಲ, ಬರೇ ಸಪ್ಪಳ. ನೀ ಹುಟ್ಟಿ ಬೆಳದ ಟಿಕೋಟಾದ ಮನಿ ಕೇಳೋ ಮಂದಿಗೆ ಕಂಡಂಗ ಆಗಬೇಕು ನೋಡು" ಎಂದ.

ಅರುಣನಿಗೆ ಹುಚ್ಚು ಹಿಡಿದಂತಾಯಿತು. ಬಾಲ್ಯದ ಸಪ್ಪಳಗಳನ್ನು ಒಂದೊಂದಾಗಿ ನೆನೆದು ವೇದಿಕೆಯ ಮೇಲೆ ಆಗಲೇ ಹುಟ್ಟಿಸಬೇಕು, ಹುಟ್ಟಿದ್ದನ್ನು ಮೈಕಿನಲ್ಲಿ ಹಿಡಿದು ಯಂತ್ರದಲ್ಲಿ ಮತ್ತೆ ಮತ್ತೆ ಕೇಳಿಬರುವಂತೆ ತಿರುಗಿಸುತ್ತ, ಅದರ ಮೇಲೆ ಇನ್ನೊಂದನ್ನು ಪೇರಿಸಬೇಕು. ರೊಟ್ಟಿ ಬಡಿಯುವುದು, ಬೀಸುವ ಕಲ್ಲು, ಪಕ್ಕದ ಮನೆಯ ರಸೂಲಸಾಬನ ಹೊಲಿಗೆ ಮಷೀನು, ತಗಡಿನ ಮೇಲೆ ಬೀಳುವ ಮಳೆ. ಎಲ್ಲಕ್ಕೂ ಕೊನೆಗೆ ಅವನಿಗೆ ಬಲು ಪ್ರೀತಿಯದೊಂದು. ಅಪ್ಪ ಮನೆಗೆ ಬಂದ ಮೇಲೆ ಕೆಲವು ಸಂಜೆ ರೇಡಿಯೋ ಒಮ್ಮೆಲೇ ಜೋರಾಗುತ್ತಿತ್ತು. ಪಡಸಾಲೆಯಲ್ಲಿ ಅವನೂ ಅಕ್ಕ ಸೌಭಾಗ್ಯಳೂ ಕುಣಿಯುತ್ತಿದ್ದರು. ಕದ ಹಾಕಿದ ಅಡುಗೆಮನೆಯಿಂದ ಬಳೆಗಳ ಸಪ್ಪಳ, ತಾಮ್ರದ ಕೊಡ ಉರುಳುವ ಸಪ್ಪಳ. ಹಾಡು ಕೇಳುತ್ತ ಅವ್ವ ಅವಸರದಿಂದ ಅಡುಗೆ ಮಾಡುತ್ತಾಳೆ ಎಂದೇ ಅವನು ತಿಳಿದಿದ್ದ.

ತಾಲೀಮು ಮನೆಯಲ್ಲೇ ನಡೆಯಿತು. ಅವ್ವ ಕಾಶಿಬಾಯಿ ಒಳಕೋಣೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಕೊಡವನ್ನು ನೆಲಕ್ಕೆ ಉರುಳಿಸಿ ಅರುಣ ಕೂಗಿ ಕೇಳಿದ, "ಅವ್ವಾ, ಹಿಂಗ ಇತ್ತಲ್ಲ ಸಪ್ಪಳ?"

ಒಳಗೆ ಶೇಂಗಾ ಸುಲಿಯುವ ಸಪ್ಪಳ ನಿಂತಿತು. "ಹೌದಪಾ, ಹಂಗ ಇತ್ತು."

ಇನ್ನೊಂದು ದಿನ, "ಸ್ವಲ್ಪ ಸಣ್ಣಗ ಮಾಡೋ ಯಪ್ಪಾ" ಎಂದಳು. ಸಣ್ಣಗೆ ಮಾಡಿದರೆ ಮಜಾ ಬರುವುದಿಲ್ಲವೆಂದು ಅವನು ಇನ್ನಷ್ಟು ಏರಿಸಿದ.

ಮೊದಲ ಪ್ರದರ್ಶನಕ್ಕೆ ಸೌಭಾಗ್ಯ ತಾನೀಗ ಇರುವ ಬಬಲೇಶ್ವರದಿಂದ ಬಂದಳು. ಅವ್ವನನ್ನು ಮುಂದಿನ ಸಾಲಿನಲ್ಲಿ ಕೂಡಿಸಿದರು. ರೊಟ್ಟಿಯ ಸಪ್ಪಳಕ್ಕೆ ಜನ ನಕ್ಕರು, ಮಳೆಗೆ ಸುಮ್ಮನಾದರು. ರೇಡಿಯೋ ಜೋರಾಗಿ, ಬಳೆ ಝಣಗುಟ್ಟಿ, ಕೊಡ ಉರುಳಿ, ಅದೇ ಮತ್ತೆ ಮತ್ತೆ ತಿರುಗತೊಡಗಿದಾಗ ಇಡೀ ಸಭೆ ತಾಳಕ್ಕೆ ಚಪ್ಪಾಳೆ ತಟ್ಟಿತು. ಬೆವರುತ್ತ ತಲೆಯೆತ್ತಿದ ಅರುಣನಿಗೆ ಕಂಡದ್ದು ಅವ್ವನ ಖಾಲಿ ಕುರ್ಚಿ.

ಆಟ ಮುಗಿದ ಮೇಲೆ ಸೌಭಾಗ್ಯ ಅವನನ್ನು ಬದಿಗೆ ಕರೆದಳು. "ಏನ ಮಾಡಿದೆಪಾ ಇದು? ನಿನಗ ಗೊತ್ತಿಲ್ಲೇನು?"

"ಏನು ಅಕ್ಕಾ?"

ಅವಳು ಅವನ ಮುಖವನ್ನೇ ನೋಡಿದಳು. "ಖರೇನ ಗೊತ್ತಿಲ್ಲ ನಿನಗ. ಅಪ್ಪ ಹೊಡೀತಿದ್ದ. ರೇಡಿಯೋ ಜೋರ ಮಾಡತಿದ್ದಾಕಿ ಅವ್ವ. ನಮಗ ಕೇಳಿಸಬಾರದು ಅಂತ. ನನಗ ಗೊತ್ತಿತ್ತು, ಅದಕ್ಕ ನಿನ್ನ ಕೈ ಹಿಡಕೊಂಡು ಕುಣಸತಿದ್ದೆ."

ಹೊರಗೆ ಜನ ಇನ್ನೂ ಅವನ ಹೆಸರು ಹೇಳುತ್ತಿದ್ದರು.

ಮರುದಿನ ಬೆಳಗ್ಗೆ ಅವ್ವ ಎಂದಿನಂತೆ ಚಹಾ ತಂದಿಟ್ಟಳು. ಅವನು ಲೋಟ ಮುಟ್ಟಲಿಲ್ಲ.

"ನನಗ ಗೊತ್ತಿರಲಿಲ್ಲವ್ವಾ."

"ಗೊತ್ತಾಗಬಾರದು ಅಂತನ ಮಾಡಿದ್ದೆ. ನೀ ಕುಣಿಯೂದು ಕದದ ಸಂದ್ಯಾಗಿಂದ ಕಾಣತಿತ್ತು. ಅಷ್ಟ ಸಾಕಿತ್ತು ನನಗ."

"ಹಂಗಾದರ ತಾಲೀಮಿನ್ಯಾಗ ಯಾಕ ಹೇಳಲಿಲ್ಲ?"

ಅವ್ವ ಸೆರಗಿನಿಂದ ಕೈ ಒರೆಸಿಕೊಂಡಳು. ಮಾತಿನಲ್ಲಿ ಸಿಟ್ಟಿರಲಿಲ್ಲ. "ಆಗ ಸಣ್ಣಾಂವ ಇದ್ದಿ, ಅದು ನಿನ್ನ ತಪ್ಪಲ್ಲ. ಈಗ ನೀ ಸಪ್ಪಳ ಹಿಂಗ ಇತ್ತೇನು ಅಂತ ಕೇಳಿದಿ. ಯಾಕ ಬರತಿತ್ತು ಅಂತ ಕೇಳಲಿಲ್ಲ. ಮಂದಿ ಚಪ್ಪಾಳಿ ಹೊಡದರಲ್ಲ, ಅದು ನನಗ ತಡಕೊಳ್ಳಾಕ ಆಗಲಿಲ್ಲಪಾ."

ಬಬಲೇಶ್ವರದಲ್ಲಿ ಎರಡನೆಯ ಪ್ರದರ್ಶನ ಮೊದಲೇ ನಿಗದಿಯಾಗಿತ್ತು. ರದ್ದು ಮಾಡುತ್ತೇನೆಂದ. ಅವ್ವ ಒಪ್ಪಲಿಲ್ಲ. "ಅದೊಂದು ಬಿಟ್ಟು ಮಾಡು. ನಾನೂ ಬರತೇನಿ" ಎಂದು ತಾನೇ ಬಸ್ಸು ಹತ್ತಿದಳು. ಅಲ್ಲಿ ಸೌಭಾಗ್ಯಳ ಪಕ್ಕ, ಬಾಗಿಲ ಬಳಿಯ ಕುರ್ಚಿ ಆರಿಸಿ ಕೂತಳು.

ಮಳೆಯವರೆಗೆ ಎಲ್ಲ ಸರಿಯಾಯಿತು. ಮುಂದೆ ರೇಡಿಯೋ ಬರಬೇಕಿದ್ದ ಜಾಗದಲ್ಲಿ ಅವನ ಕೈ ತಾನಾಗಿ ಗುಂಡಿಯ ಕಡೆ ಹೋಗಿ ಹಿಂದೆ ಬಂತು. ಮಳೆಯನ್ನೇ ಮೆಲ್ಲಗೆ ಇಳಿಸಿ ಆಟ ಮುಗಿಸಿದ. ಜನ ಚಪ್ಪಾಳೆ ತಟ್ಟಿದರು, ಆದರೆ ವಿಜಯಪುರದಷ್ಟಲ್ಲ. ಸಂಗನಬಸವ ಓಡಿಬಂದ. "ಆ ರೇಡಿಯೋ ಯಾಕ ಬಿಟ್ಟಿಲೇ? ಅದರಾಗ ಜೀವ ಇತ್ತು. ಅದಿಲ್ಲದ ಸಪ್ಪಗಾತು."

ಅರುಣ ವೈರು ಸುತ್ತತೊಡಗಿದ. ಸಂಗನಬಸವ ಹೇಳಿದ್ದು ಸುಳ್ಳೇನಲ್ಲ. ಆ ಜಾಗಕ್ಕೆ ಬಂದಾಗ ಅವನಿಗೂ ಹಾಗೇ ಅನಿಸಿತ್ತು. ಎಲ್ಲ ಗೊತ್ತಾದ ಮೇಲೂ, ಅವ್ವ ಸಭೆಯಲ್ಲೇ ಕೂತಿದ್ದರೂ, ಆ ಕೊಡ ಒಂದು ಸಲ ಉರುಳಿದ್ದರೆ ಎಷ್ಟು ಚೆಂದವಿತ್ತು ಎಂದು ಮನಸ್ಸು ಆಸೆಪಟ್ಟಿತ್ತು.

ಬಸ್ ನಿಲ್ದಾಣದಲ್ಲಿ ಅವ್ವ ಅವನ ಕೈಯಿಂದ ವೈರಿನ ಚೀಲ ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡಳು. "ಛಲೋ ಆತಲ್ಲ?" ಎಂದಳು.

"ಆತವ್ವಾ" ಎಂದ ಅರುಣ. ಅವಳತ್ತ ನೋಡಲಾರದೆ ಬಸ್ಸು ಬರುವ ದಾರಿಯನ್ನೇ ನೋಡುತ್ತ ನಿಂತ.